ಹೊಸ ಆಲೂಗಡ್ಡೆಯೂ ಸಗರನಾಡಿನ ಅಡಿಗೆಯೂ

ಇತಿಹಾಸವೆಂದರೆ ಅರಸರ ವಂಶಾವಳಿ, ಯುದ್ಧಗಳ ತಿಥಿ, ಕೋಟೆಗಳ ಅಳತೆ, ಇಷ್ಟೇ ಎಂದು ಭಾವಿಸುವುದು ನಮ್ಮಲ್ಲಿ ಬಹುಕಾಲದಿಂದ ರೂಢಿಯಾಗಿ ಬಂದಿದೆ. ಯಾದಗಿರಿ, ಶಹಾಪುರ, ಸುರಪುರಗಳ ಹೆಸರನ್ನೆತ್ತಿದೊಡನೆಯೇ ವಿದ್ಯಾವಂತರ ಮನಸ್ಸು ಬೇಡನಾಯಕರ ಸಂಸ್ಥಾನದ ಕಡೆಗೂ, ೧೮೫೭-೫೮ರ ಬಂಡಾಯದಲ್ಲಿ ರಾಜ್ಯವನ್ನೂ ಪ್ರಾಣವನ್ನೂ ಕಳೆದುಕೊಂಡ ರಾಜಾ ವೆಂಕಟಪ್ಪ ನಾಯಕನ ಕಡೆಗೂ ಓಡುವುದು ಸಹಜವೇ ಆಗಿದೆ. ಆದರೆ ಆ ಅರಸರು ಆಳಿದ ಕಾಲದಲ್ಲಿಯೂ, ಅವರು ಅಳಿದ ಮೇಲೆಯೂ, ಅದೇ ನಾಡಿನ ಮನೆಮನೆಗಳಲ್ಲಿ ದಿನಕ್ಕೆರಡು ಹೊತ್ತು ಒಲೆ ಉರಿಯುತ್ತಲೇ ಬಂದಿತು. ಆ ಒಲೆಯ ಮೇಲೆ ಏನು ಬೆಂದಿತು, ಎಲ್ಲಿಂದ ಬಂದ ಪದಾರ್ಥ ಹೇಗೆ ಬೆಂದಿತು ಎಂಬುದಕ್ಕೆ ಶಾಸನವಿಲ್ಲ, ಬಖೈರಿಲ್ಲ. ಹಾಗೆಂದು ಅದಕ್ಕೆ ಇತಿಹಾಸವೇ ಇಲ್ಲವೆನ್ನಲಾದೀತೇ?

ನಾವು ಇಂದು ವಿಚಾರಕ್ಕೆ ತೆಗೆದುಕೊಂಡಿರುವ ವಿಷಯವು ಬಹಳ ಸಣ್ಣದು. ಮನೆಯ ಹಿತ್ತಲಲ್ಲಿ ಬೆಳೆದು ಆಗತಾನೆ ಅಗೆದು ತೆಗೆದ ಹೊಸ ಆಲೂಗಡ್ಡೆಯನ್ನು ಒಡೆದು ಹಿಟ್ಟಾಗದಂತೆ ಬೇಯಿಸುವುದು ಹೇಗೆ ಎಂಬುದೇ ಆ ವಿಷಯ. ಇದು ಗೃಹಿಣಿಯರಿಗೆ ಸೇರಿದ ಮಾತಲ್ಲವೇ, ಚರಿತ್ರೆಯ ಉಪನ್ಯಾಸಕ್ಕೆ ಇದರಿಂದೇನು ಪ್ರಯೋಜನವೆಂದು ಶ್ರೋತೃಗಳಲ್ಲಿ ಕೆಲವರು ಕೇಳಬಹುದು. ಗಡ್ಡೆ ಒಡೆಯಬಾರದೆಂಬ ಈ ಒಂದು ಅಪೇಕ್ಷೆಯ ಹಿಂದೆ ಎರಡು ಖಂಡಗಳ ಚರಿತ್ರೆಯೂ, ನಮ್ಮ ನಾಡಿನ ಊಟದ ಕ್ರಮವೂ, ಬರಗಾಲಗಳ ಪಾಠವೂ ಅಡಗಿರುವುದೆಂದು ತೋರಿಸುವುದೇ ನಮ್ಮ ಉದ್ದೇಶ.

ಮೊದಲು ನಾಡಿನ ಪರಿಚಯ ಅವಶ್ಯಕ. ಕೃಷ್ಣಾ ಮತ್ತು ಭೀಮಾ ನದಿಗಳ ನಡುವೆ ಹಬ್ಬಿರುವ ಸುರಪುರ ಶಹಾಪುರಗಳ ಸೀಮೆಗೆ ಸಗರನಾಡೆಂದು ಹೆಸರು. ಭೀಮೆಯ ದಡದಲ್ಲಿ ಯಾದಗಿರಿಯ ಕೋಟೆಯಿದೆ. ಹುಣಸಗಿಯ ಬಯಲಿನಲ್ಲಿ ಆದಿಮಾನವನ ಕಲ್ಲಿನ ಆಯುಧಗಳು ದೊರೆತಿವೆ. ಬೂದಿಹಾಳದಲ್ಲಿ ನವಶಿಲಾಯುಗದ ದನಗಾಹಿಗಳು ಬಿಟ್ಟುಹೋದ ಬೂದಿಯ ದಿಬ್ಬವಿದೆ. ಅನ್ನವನ್ನು ಹುಡುಕುವ ಮನುಷ್ಯಪ್ರಯತ್ನವು ಈ ನೆಲಕ್ಕೆ ಹೊಸದಲ್ಲ. ೧೮೬೦ರಲ್ಲಿ ಸುರಪುರವು ನಿಜಾಮರ ಹೈದರಾಬಾದು ಸಂಸ್ಥಾನಕ್ಕೆ ಸೇರಿತು. ೧೯೪೮ರವರೆಗೆ ಹಾಗೆಯೇ ಇದ್ದು, ೧೯೫೬ರಲ್ಲಿ ಕನ್ನಡ ನಾಡು ಒಂದಾದಾಗ ಕಲಬುರ್ಗಿ ಜಿಲ್ಲೆಯೊಡನೆ ಮೈಸೂರು ರಾಜ್ಯಕ್ಕೆ ಬಂದಿತು. ೨೦೦೯-೧೦ರಲ್ಲಿ ಮೂರು ತಾಲ್ಲೂಕುಗಳೂ ಕಲಬುರ್ಗಿಯಿಂದ ಬೇರ್ಪಟ್ಟು ಯಾದಗಿರಿ ಜಿಲ್ಲೆಯೆನಿಸಿದವು. ನೆಲವು ಬಹುಮಟ್ಟಿಗೆ ಎರೆ, ಅಲ್ಲಲ್ಲಿ ಮಸಾರಿ. ಜೋಳ, ತೊಗರಿ, ಹತ್ತಿ, ಶೇಂಗಾ ಇಲ್ಲಿಯ ಹೆಸರಾದ ಬೆಳೆಗಳು. ಊಟವೆಂದರೆ ಜೋಳದ ರೊಟ್ಟಿ. ಉಳಿದುದೆಲ್ಲವೂ ಆ ರೊಟ್ಟಿಗೆ ಜೊತೆ.

ಈ ನಾಡಿಗೆ ಆಲೂಗಡ್ಡೆಯು ಹೊಸಬ. ಅದರ ತವರು ದಕ್ಷಿಣ ಅಮೆರಿಕೆಯ ಆಂಡೀಸ್ ಪರ್ವತಗಳು. ಪೆರು ಮತ್ತು ಬೊಲಿವಿಯಾ ದೇಶಗಳ ಗಡಿಯಲ್ಲಿರುವ ಟಿಟಿಕಾಕಾ ಸರೋವರದ ಸುತ್ತಮುತ್ತಣ ಎತ್ತರದ ನೆಲದಲ್ಲಿ ಏಳೆಂಟು ಸಾವಿರ ವರ್ಷಗಳಷ್ಟು ಹಿಂದೆಯೇ ಅದನ್ನು ಜನರು ಸಾಕಿ ಬೆಳೆಸತೊಡಗಿದರು. ಅಲ್ಲಿಯವರು ಅದನ್ನು ‘ಪಾಪಾ’ ಎನ್ನುತ್ತಾರೆ. ರಾತ್ರಿಯ ಹಿಮದಲ್ಲಿ ಹೆಪ್ಪುಗಟ್ಟಿಸಿ, ಹಗಲಿನ ಬಿಸಿಲಲ್ಲಿ ಕಾಲಿನಿಂದ ತುಳಿದು ನೀರು ಹಿಂಡಿ ಒಣಗಿಸಿದ ‘ಚೂನ್ಯೊ’ ಎಂಬ ಗಡ್ಡೆಯನ್ನು ಅವರು ವರ್ಷಗಟ್ಟಲೆ ಕೂಡಿಡುತ್ತಿದ್ದರು. ಸ್ಪೇನಿನವರು ಪೆರುವನ್ನು ಹೊಕ್ಕದ್ದು ೧೫೩೨ರಲ್ಲಿ. ಅದಾದ ನಾಲ್ವತ್ತು ವರ್ಷಗಳೊಳಗೆ ಗಡ್ಡೆಯು ಯೂರೋಪನ್ನು ಮುಟ್ಟಿತು.

ಇದರಿಂದ ನಮ್ಮ ಪ್ರಾಚೀನ ಪಾಕಶಾಸ್ತ್ರಗಳ ವಿಷಯದಲ್ಲಿ ಒಂದು ಮಾತು ನಿಶ್ಚಯವಾಗುತ್ತದೆ. ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನು ೧೧೨೯ರ ಸುಮಾರಿಗೆ ರಚಿಸಿದ ಮಾನಸೋಲ್ಲಾಸದಲ್ಲಿ ಅರಸನ ಅನ್ನಭೋಗದ ವಿಸ್ತಾರವಾದ ವರ್ಣನೆಯುಂಟು. ಅದಕ್ಕೂ ಹಿಂದೆ, ಹನ್ನೊಂದನೆಯ ಶತಮಾನದಲ್ಲಿ, ಚಾವುಂಡರಾಯನು ಬರೆದ ಲೋಕೋಪಕಾರದಲ್ಲಿ ಅಡಿಗೆಗೆಂದೇ ಒಂದು ಅಧ್ಯಾಯವಿದೆ. ಹದಿನಾರನೆಯ ಶತಮಾನದ ಆದಿಭಾಗದಲ್ಲಿ ಮೂರನೆಯ ಮಂಗರಸನು ಕನ್ನಡದ ಷಟ್ಪದಿಯಲ್ಲಿ ಸೂಪಶಾಸ್ತ್ರವನ್ನೇ ಬರೆದು, ಬದನೆಕಾಯೊಂದರಿಂದಲೇ ಹಲವು ಬಗೆಯ ಪಾಕಗಳನ್ನು ಹೇಳಿದನು. ಈ ಮೂರರಲ್ಲಿ ಯಾವುದರಲ್ಲಿಯೂ ಇಂದಿನ ಆಲೂಗಡ್ಡೆ ಇರಲಾರದು. ಮೆಣಸಿನಕಾಯಿಯೂ, ಶೇಂಗಾವೂ, ಟೊಮ್ಯಾಟೊವೂ ಇರಲಾರವು. ಏಕೆಂದರೆ ಇವೆಲ್ಲವೂ ಅಮೆರಿಕೆಯ ಬೆಳೆಗಳು. ಇಂದು ಸುರಪುರದ ಊಟದಲ್ಲಿ ಶೇಂಗಾದ ಹಿಂಡಿಯಿಲ್ಲದ, ಕೆಂಪು ಖಾರವಿಲ್ಲದ ದಿನವನ್ನು ಊಹಿಸುವುದೇ ಕಷ್ಟ. ಆದರೂ ಕಲ್ಯಾಣದ ಚಕ್ರವರ್ತಿಯ ಬಾಣಸಿಗರಿಗೆ ಇವೆರಡರ ಹೆಸರೂ ತಿಳಿದಿರಲಿಲ್ಲ.

ಪುರಾತನ ಗ್ರಂಥಗಳಲ್ಲಿ ‘ಆಲು’, ‘ಆಲುಕ’ ಎಂಬ ಶಬ್ದಗಳು ಬರುತ್ತವೆ ಎಂದು ಆಕ್ಷೇಪಿಸುವವರುಂಟು. ಆ ಶಬ್ದಗಳು ಸಂಸ್ಕೃತದಲ್ಲಿ ತಿನ್ನತಕ್ಕ ಬೇರೆ ಗೆಡ್ಡೆಗೆಣಸುಗಳನ್ನು ಹೇಳುತ್ತಿದ್ದವು. ಹೊಸ ಗಡ್ಡೆ ಬಂದಾಗ ಹಳೆಯ ಹೆಸರನ್ನೇ ಅದಕ್ಕೆ ತೊಡಿಸಲಾಯಿತು. ಪಾರಸಿಯಲ್ಲಿ ‘ಆಲೂ’ ಎಂದರೆ ಒಂದು ಬಗೆಯ ಹಣ್ಣು. ಹೈದರಾಬಾದಿನ ಸೀಮೆಯವರಿಗೆ ಪರಿಚಿತವಾದ ‘ಆಲೂಬುಖಾರಾ’ ಎಂಬುದರಲ್ಲಿರುವುದು ಆ ಆಲೂವೇ ಹೊರತು ಈ ಆಲೂ ಅಲ್ಲ. ಗೋವೆಯ ಪೋರ್ತುಗೀಸರ ಬಾಯಿಂದ ಬಂದ ‘ಬಟಾಟಾ’ ಎಂಬ ಹೆಸರು ಕೊಂಕಣಿ ಮರಾಠಿಗಳ ಮೂಲಕ ನಮ್ಮ ಕರಾವಳಿಯಲ್ಲಿಯೂ ಬೆಳಗಾವಿಯ ಕಡೆಯಲ್ಲಿಯೂ ‘ಬಟಾಟೆ’ ಎಂದು ನಿಂತಿತು. ಬೆಂಗಳೂರು ಕೋಲಾರಗಳ ಕಡೆ ತಮಿಳಿನ ನೆರೆಯಿಂದ ‘ಉರುಳುಗಡ್ಡೆ’ ಎಂದಾಯಿತು. ಸಗರನಾಡಿನಲ್ಲಿ ಅದು ‘ಆಲೂಗಡ್ಡಿ’. ಒಂದೇ ಪದಾರ್ಥವು ಕನ್ನಡ ನಾಡನ್ನು ಮೂರು ಬಾಗಿಲುಗಳಿಂದ ಪ್ರವೇಶಿಸಿತೆಂಬುದಕ್ಕೆ ಈ ಮೂರು ಹೆಸರುಗಳೇ ಸಾಕ್ಷಿ. ಕಾಗದಪತ್ರಗಳು ಮೌನವಾಗಿರುವಲ್ಲಿ ಜನರ ನಾಲಗೆಯು ಚರಿತ್ರೆಯನ್ನು ಕಾದಿಟ್ಟಿರುವ ನಿದರ್ಶನವಿದು.

ಹದಿನೇಳನೆಯ ಶತಮಾನದ ಇಂಗ್ಲಿಷ್ ಪ್ರವಾಸಿಗಳು, ವಿಶೇಷವಾಗಿ ೧೬೭೦ರ ದಶಕದಲ್ಲಿ ಪಶ್ಚಿಮ ತೀರದಲ್ಲಿ ಸಂಚರಿಸಿದ ಜಾನ್ ಫ್ರೈಯರನು, ಇಲ್ಲಿ ‘ಪೊಟೇಟೊ’ವನ್ನು ಕಂಡೆವೆಂದು ಬರೆದಿರುವುದುಂಟು. ಆದರೆ ಆ ಕಾಲದ ಇಂಗ್ಲಿಷಿನಲ್ಲಿ ಆ ಶಬ್ದವು ಸಿಹಿಗೆಣಸಿಗೂ ಸಲ್ಲುತ್ತಿದ್ದುದರಿಂದ ಅವರು ಕಂಡದ್ದು ಯಾವುದೆಂದು ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯವಿದೆ. ಇಂದಿನ ಆಲೂಗಡ್ಡೆಯ ಬೇಸಾಯವು ದಕ್ಷಿಣದಲ್ಲಿ ಬಲವಾಗಿ ಬೇರೂರಿದ್ದು ಹತ್ತೊಂಬತ್ತನೆಯ ಶತಮಾನದಲ್ಲಿ. ಕೊಯಮತ್ತೂರಿನ ಕಲೆಕ್ಟರನಾಗಿದ್ದ ಜಾನ್ ಸಲಿವನ್ ೧೮೨೦ರ ದಶಕದಲ್ಲಿ ನೀಲಗಿರಿಯಲ್ಲಿ ಅದನ್ನು ಹಾಕಿಸಿದನು. ಕನ್ನಡಕ್ಕೆ ಅತಿ ಸಮೀಪವಾದ ನುಡಿಯನ್ನಾಡುವ ಬಡಗರು ಅದನ್ನು ತಮ್ಮ ಮುಖ್ಯ ಬೆಳೆಗಳಲ್ಲೊಂದನ್ನಾಗಿ ಮಾಡಿಕೊಂಡರು. ಅನಂತರ ಮೈಸೂರು ಸೀಮೆಯ ಹಾಸನ, ಕೋಲಾರ, ಬೆಂಗಳೂರುಗಳೂ, ಮುಂಬಯಿ ಕರ್ನಾಟಕದ ಬೆಳಗಾವಿ ಧಾರವಾಡಗಳೂ ಅದಕ್ಕೆ ಹೆಸರಾದವು.

ಹೀಗಿರಲು ಸಗರನಾಡಿಗೆ ಅದು ಬಂದ ದಾರಿ ಯಾವುದು? ಫಿಲಿಪ್ ಮೆಡೋಸ್ ಟೇಲರನು ೧೮೪೧ರಿಂದ ೧೮೫೩ರವರೆಗೆ ಸುರಪುರದಲ್ಲಿದ್ದು ಬಾಲಕ ರಾಜನ ಪರವಾಗಿ ಆಡಳಿತ ನಡೆಸಿದನು. ಅವನು ಕಟ್ಟಿಸಿದ ಮನೆಗೆ ‘ಟೇಲರ್ ಮಂಜಿಲ್’ ಎಂಬ ಹೆಸರು ಇಂದಿಗೂ ಇದೆ. ಇಂಗ್ಲಿಷ್ ಅಧಿಕಾರಿಗಳು ಇದ್ದೆಡೆಯಲ್ಲಿ ಸೀಮೆಯ ತರಕಾರಿಯ ತೋಟ ಹಾಕಿಸುವುದು ಆ ಕಾಲದ ವಾಡಿಕೆ. ಆದರೆ ಒಬ್ಬ ದೊರೆಯ ತೋಟದಿಂದ ಒಂದು ನಾಡಿನ ಅಡಿಗೆ ಬದಲಾಗುವುದಿಲ್ಲ. ನಮ್ಮ ಅಭಿಪ್ರಾಯದಲ್ಲಿ ಹೆಚ್ಚಿನ ಕೆಲಸ ಮಾಡಿದ್ದು ರೈಲು. ಮುಂಬಯಿಯಿಂದ ಹೊರಟ ಜಿ. ಐ. ಪಿ. ರೈಲುಮಾರ್ಗವು ಪುಣೆ, ಸೊಲ್ಲಾಪುರ, ವಾಡಿ, ಯಾದಗಿರಿಗಳ ಮೇಲೆ ಹಾದು ೧೮೭೧ರಲ್ಲಿ ರಾಯಚೂರನ್ನು ಮುಟ್ಟಿ ಮದರಾಸಿನ ಮಾರ್ಗವನ್ನು ಕೂಡಿಕೊಂಡಿತು. ಪುಣೆಯ ಸೀಮೆಯು ಆಲೂಗಡ್ಡೆಗೆ ಪ್ರಸಿದ್ಧ. ಭಾರವಾದ, ಆದರೆ ಬೇಗ ಕೆಡದ ಈ ಗಡ್ಡೆಯು ರೈಲಿನ ಸಾಗಾಟಕ್ಕೆ ಒಗ್ಗಿದ ತರಕಾರಿ. ಯಾದಗಿರಿಯ ನಿಲ್ದಾಣದಿಂದ ಶಹಾಪುರ ಸುರಪುರಗಳ ಸಂತೆಗೆ ಬಂಡಿಯ ದಾರಿ ಸಾಕಾಗಿತ್ತು.

ಪರದೇಶದ ಈ ಪದಾರ್ಥವನ್ನು ನಮ್ಮ ಸಂಪ್ರದಾಯವು ಸ್ವೀಕರಿಸಿದ ರೀತಿಯೂ ವಿಚಿತ್ರವಾಗಿದೆ. ಅನೇಕ ವೈದಿಕ ಮನೆತನಗಳಲ್ಲಿ ಶ್ರಾದ್ಧದ ಅಡಿಗೆಗೆ ಆಲೂಗಡ್ಡೆ ಸಲ್ಲದು. ಎಲೆಕೋಸು, ಟೊಮ್ಯಾಟೊ ಸಲ್ಲವು. ಮೆಣಸಿನಕಾಯಿಯ ಸ್ಥಾನದಲ್ಲಿ ಕಾಳುಮೆಣಸನ್ನೇ ಬಳಸಬೇಕು. ಪಿತೃಗಳು ಉಂಡರಿಯದುದನ್ನು ಪಿತೃಗಳಿಗೆ ಬಡಿಸಬಾರದೆಂಬಂತೆ ಈ ನಿಯಮವು ಐನೂರು ವರ್ಷಗಳ ಹಿಂದಿನ ಅಡಿಗೆಮನೆಯನ್ನು ಹಾಗೆಯೇ ಉಳಿಸಿಕೊಂಡಿದೆ. ಜೈನರು ನೆಲದೊಳಗಿನ ಗಡ್ಡೆಯೆಂಬ ಕಾರಣದಿಂದ ಅದನ್ನು ಬಿಡುತ್ತಾರೆ. ಆದರೆ ಇದೇ ಗಡ್ಡೆಯು ಏಕಾದಶಿ ಶಿವರಾತ್ರಿಗಳ ಉಪವಾಸದಲ್ಲಿ ಅನೇಕರಿಗೆ ಫಲಾಹಾರವಾಗಿದೆ. ಧಾನ್ಯವಲ್ಲವೆಂಬುದೇ ಅದಕ್ಕೆ ಸಿಕ್ಕ ಅನುಮತಿ. ಅದರ ಜೊತೆಗೆ ಸಾಬೂದಾಣಿಯನ್ನೂ ಶೇಂಗಾವನ್ನೂ ಬೆರೆಸುವುದರಿಂದ, ಇಂದಿನ ಸಾಬೂದಾಣಿಯನ್ನು ಕೊಡುವ ಮರಗೆಣಸೂ ಅಮೆರಿಕೆಯದೇ ಆದುದರಿಂದ, ಉಪವಾಸದ ತಟ್ಟೆಯು ಬಹುಮಟ್ಟಿಗೆ ಹೊಸ ಖಂಡದ ತಟ್ಟೆಯೇ ಆಗಿಬಿಟ್ಟಿದೆ. ಒಂದೇ ಮನೆಯಲ್ಲಿ ಒಂದು ದಿನ ನಿಷಿದ್ಧ, ಮತ್ತೊಂದು ದಿನ ವಿಹಿತ! ಸಂಪ್ರದಾಯವೆಂಬುದು ಕಲ್ಲಿನಂತೆ ನಿಶ್ಚಲವೆಂದು ಹೇಳುವವರೂ, ಅದು ಕೇವಲ ಮೂಢವೆಂದು ಹೇಳುವವರೂ ಇದನ್ನು ಯೋಚಿಸತಕ್ಕದ್ದು.

ಇನ್ನು ಹಿತ್ತಲ ಬೆಳೆಯ ಮಾತು. ಆಲೂಗಡ್ಡೆಯು ತಂಪನ್ನು ಬಯಸುವ ಬೆಳೆ. ನೆಲವೂ ರಾತ್ರಿಯ ಗಾಳಿಯೂ ಸುಮಾರು ೧೫ರಿಂದ ೨೦ ಸೆಂಟಿಗ್ರೇಡಿನ ನಡುವೆ ಇದ್ದರೆ ಗಡ್ಡೆ ಚೆನ್ನಾಗಿ ಕಟ್ಟುತ್ತದೆ. ಸೆಕೆ ಏರಿದಂತೆ ಎಲೆ ಬೆಳೆದೀತೇ ಹೊರತು ಗಡ್ಡೆ ಕಟ್ಟದು. ಬೇಸಗೆಯಲ್ಲಿ ೪೦ ಸೆಂಟಿಗ್ರೇಡನ್ನು ಮೀರುವ ಯಾದಗಿರಿಯ ಬಿಸಿಲಿಗೂ, ನೀರು ಹಿಡಿದು ಅಂಟಾಗಿ ಒಣಗಿದರೆ ಬಿರಿಯುವ ಎರೆಮಣ್ಣಿಗೂ ಅದು ಒಗ್ಗದು. ಆದುದರಿಂದ ಸಗರನಾಡು ಎಂದೂ ಹಾಸನವಾಗಲಿಲ್ಲ. ಆದರೆ ಬಾವಿಯ ನೀರಿನ ಆಸರೆಯಿರುವ ಹಿತ್ತಲಿನಲ್ಲಿ, ಮಸಾರಿ ಮಣ್ಣಿಗೆ ಕೊಟ್ಟಿಗೆಗೊಬ್ಬರ ಬೆರೆಸಿ, ದೀಪಾವಳಿ ಕಳೆದ ಮೇಲೆ ಮೊಳಕೆಯ ಹೋಳುಗಳನ್ನು ನಟ್ಟರೆ, ಸಂಕ್ರಾಂತಿಯಿಂದ ಶಿವರಾತ್ರಿಯೊಳಗೆ ಮನೆಯ ಮಟ್ಟಿಗೆ ಒಂದೆರಡು ಬುಟ್ಟಿ ಗಡ್ಡೆ ದೊರೆಯುವುದು ಅಸಾಧ್ಯವಲ್ಲ. ಎಲೆ ಇನ್ನೂ ಹಸುರಾಗಿರುವಾಗಲೇ ಬುಡವನ್ನು ಕೆದಕಿ ತೆಗೆದ ಎಳೆಯ ಗಡ್ಡೆಯೇ ‘ಹೊಸ ಗಡ್ಡೆ’. ಹೆಬ್ಬೆರಳಿನಿಂದ ಉಜ್ಜಿದರೆ ಅದರ ಸಿಪ್ಪೆ ಎದ್ದುಬರುತ್ತದೆ. ಸಂತೆಯ ಗಡ್ಡೆಗೂ ಇದಕ್ಕೂ ಇರುವ ಭೇದವನ್ನು ತಿಳಿಯದೆ ಒಂದೇ ರೀತಿಯಲ್ಲಿ ಬೇಯಿಸಿದರೆ ಪಾತ್ರೆಯಲ್ಲಿ ತೊಂದರೆ ತಪ್ಪದು.

ಗಡ್ಡೆಯು ಬೆಂದಾಗ ಒಡೆಯುವುದೇಕೆ? ಹಸಿಯ ಗಡ್ಡೆಯಲ್ಲಿ ಸುಮಾರು ಐದರಲ್ಲಿ ನಾಲ್ಕು ಪಾಲು ನೀರು. ಉಳಿದುದರಲ್ಲಿ ಬಹುಪಾಲು ಪಿಷ್ಟ. ಈ ಪಿಷ್ಟವು ಕಣ್ಣಿಗೆ ಕಾಣದ ಜೀವಕೋಶಗಳೊಳಗೆ ಹರಳು ಹರಳಾಗಿ ತುಂಬಿರುತ್ತದೆ. ಒಂದು ಕೋಶವನ್ನು ಮತ್ತೊಂದಕ್ಕೆ ಅಂಟಿಸಿ ಹಿಡಿದಿರುವುದು ಪೆಕ್ಟಿನ್ ಎಂಬ ಪದಾರ್ಥ. ಇಟ್ಟಿಗೆಗೆ ಗಾರೆ ಹೇಗೋ ಕೋಶಗಳಿಗೆ ಇದು ಹಾಗೆ. ನೀರಿನ ಶಾಖ ೬೦ ಸೆಂಟಿಗ್ರೇಡನ್ನು ದಾಟಿದಂತೆ ಪಿಷ್ಟವು ನೀರನ್ನು ಹೀರಿ ಉಬ್ಬುತ್ತದೆ; ಕುದಿಯುವ ಶಾಖದ ಹತ್ತಿರಕ್ಕೆ ಬಂದಾಗ ಪೆಕ್ಟಿನ್ ಕರಗುತ್ತದೆ. ಒಳಗಿನಿಂದ ಒತ್ತಡ, ಹೊರಗಿನಿಂದ ಗಾರೆಯ ಸಡಿಲಿಕೆ; ಎರಡೂ ಕೂಡಿದಾಗ ಗಡ್ಡೆ ಬಿರಿಯುತ್ತದೆ. ಬಲಿತ ಗಡ್ಡೆಯಲ್ಲಿ ಪಿಷ್ಟ ಹೆಚ್ಚು, ಆದುದರಿಂದ ಅದು ಹಿಟ್ಟಾಗುವುದು ಸುಲಭ. ಎಳೆಯ ಗಡ್ಡೆಯಲ್ಲಿ ನೀರೂ ಸಕ್ಕರೆಯೂ ಹೆಚ್ಚು, ಪಿಷ್ಟ ಕಡಮೆ; ಅದು ಸ್ವಭಾವತಃ ಆಕಾರವನ್ನು ಉಳಿಸಿಕೊಳ್ಳತಕ್ಕದ್ದು. ಆದರೂ ತೆಳುವಾದ ಸಿಪ್ಪೆ ಸೀಳುವುದರಿಂದಲೂ, ಜೋರಾದ ಕುದಿತದಿಂದಲೂ, ಸೌಟಿನ ತಿವಿತದಿಂದಲೂ ಅದು ಒಡೆಯುತ್ತದೆ. ಒಂದೇ ಬುಟ್ಟಿಯಲ್ಲಿ ಎಳೆಯದೂ ಬಲಿತದ್ದೂ ಬೆರೆತಿದ್ದರೆ ಒಂದು ಗಟ್ಟಿಯಾಗಿರುವಾಗಲೇ ಮತ್ತೊಂದು ಕರಗಿಹೋಗುತ್ತದೆ.

ಇವುಗಳನ್ನು ಬೇರ್ಪಡಿಸಲು ಒಂದು ಸುಲಭವಾದ ಪರೀಕ್ಷೆಯುಂಟು. ಹನ್ನೊಂದು ಅಳತೆ ನೀರಿಗೆ ಒಂದು ಅಳತೆ ಉಪ್ಪು ಕರಗಿಸಿ ಗಡ್ಡೆಗಳನ್ನು ಅದರಲ್ಲಿ ಬಿಡಬೇಕು. ಪಿಷ್ಟ ಹೆಚ್ಚಾಗಿ ಭಾರವಾದವು ಮುಳುಗುತ್ತವೆ. ಪಿಷ್ಟ ಕಡಮೆಯಾದವು ತೇಲುತ್ತವೆ. ತೇಲಿದವನ್ನು ಇಡಿಯಾಗಿ ಬೇಯಿಸುವುದಕ್ಕೂ, ಮುಳುಗಿದವನ್ನು ಹಿಸುಕಿ ಮಾಡುವ ಪಲ್ಯಕ್ಕೂ ಇಟ್ಟುಕೊಳ್ಳಬೇಕು. ಬಿಸಿಲು ಬಿದ್ದು ಹಸುರಾದ ಗಡ್ಡೆಗಳಲ್ಲಿ ವಿಷಾಂಶವಿರುವುದರಿಂದ ಅವನ್ನು ಎರಡಕ್ಕೂ ಬಳಸದಿರುವುದೇ ಕ್ಷೇಮ.

ಬೇಯಿಸುವ ಕ್ರಮ ಹೀಗೆ. ಒಂದೇ ಗಾತ್ರದ ಗಡ್ಡೆಗಳನ್ನು ಆರಿಸಿ, ಮಣ್ಣು ಹೋಗುವಂತೆ ತೊಳೆದು, ಸಿಪ್ಪೆ ತೆಗೆಯದೆ, ಕೊಯ್ಯದೆ, ತಣ್ಣೀರಿನಲ್ಲಿಯೇ ಹಾಕಿ ಒಲೆಯ ಮೇಲಿಡಬೇಕು. ಕುದಿಯುವ ನೀರಿಗೆ ಹಾಕಿದರೆ ಹೊರಮೈ ಬೆಂದು ಕರಗುವಾಗಲೂ ಒಳಗೆ ಹಸಿಯಾಗಿಯೇ ಉಳಿಯುತ್ತದೆ. ನೀರು ಕೈಗೆ ಚುರುಗುಟ್ಟುವ ಮಟ್ಟಕ್ಕೆ, ಅಂದರೆ ೫೫ರಿಂದ ೬೦ ಸೆಂಟಿಗ್ರೇಡಿಗೆ ಬಂದಾಗ ಉರಿಯನ್ನು ತಗ್ಗಿಸಿ ಇಪ್ಪತ್ತು ಮೂವತ್ತು ನಿಮಿಷ ಹಾಗೆಯೇ ಬಿಡುವುದು ಉತ್ತಮ. ಆ ಶಾಖದಲ್ಲಿ ಗಡ್ಡೆಯೊಳಗಿನ ಒಂದು ಕಿಣ್ವವು ಎಚ್ಚೆತ್ತು ಪೆಕ್ಟಿನನ್ನು ಸುಣ್ಣದ ಅಂಶದೊಡನೆ ಬೆಸೆದು ಗಾರೆಯನ್ನು ಗಟ್ಟಿಮಾಡುತ್ತದೆ. ಆಮೇಲೆ ಎಷ್ಟು ಬೇಯಿಸಿದರೂ ಅದು ಬೇಗನೆ ಸಡಿಲವಾಗದು. ಬಳಿಕ ಉರಿಯನ್ನು ಸ್ವಲ್ಪ ಏರಿಸಿ, ನೀರು ಕೊತಕೊತ ಕುದಿಯದೆ ಅಲ್ಲೊಂದು ಇಲ್ಲೊಂದು ಗುಳ್ಳೆ ಏಳುವಂತೆ ಮಾತ್ರ ನೋಡಿಕೊಳ್ಳಬೇಕು. ಕಡ್ಡಿಯಿಂದ ಚುಚ್ಚಿದಾಗ ನಡುವೆ ತುಸು ತಡೆ ಸಿಕ್ಕರೆ ಇಳಿಸಿ, ನೀರು ಬಸಿದು, ಪೂರ್ತಿಯಾಗಿ ಆರಿದ ಮೇಲೆ ಸಿಪ್ಪೆ ತೆಗೆಯತಕ್ಕದ್ದು. ಆರುವಾಗ ಉಬ್ಬಿದ ಪಿಷ್ಟವು ಬಿಗಿದುಕೊಳ್ಳುತ್ತದೆ. ಬಿಸಿಯಿರುವಾಗಲೇ ಸುಲಿದು ಕೊಯ್ದರೆ ಅಂಚುಗಳು ಉದುರದೆ ಇರವು.

ಇದೆಲ್ಲವನ್ನೂ ರಸಾಯನಶಾಸ್ತ್ರಜ್ಞರು ಇಪ್ಪತ್ತನೆಯ ಶತಮಾನದಲ್ಲಿ ವಿವರಿಸಿದರು. ಆದರೆ ಇದರ ಅರ್ಧದಷ್ಟು ತಿಳಿವಳಿಕೆ ನಮ್ಮ ಒಲೆಯ ಮುಂದೆ ಮೊದಲೇ ಇತ್ತೆಂಬುದನ್ನು ನಾವು ಒತ್ತಿ ಹೇಳಬೇಕಾಗಿದೆ. ಬೇಳೆ ಬೇಯುವ ಮೊದಲು ಹುಣಿಸೆಯ ಹುಳಿಯನ್ನು ಹಾಕಬಾರದೆಂದು ಯಾವ ಗೃಹಿಣಿಗೆ ತಿಳಿಯದು? ಹುಳಿ ಬಿದ್ದರೆ ಬೇಳೆ ಕರಗದೆ ನಿಲ್ಲುತ್ತದೆ. ಬೇಳೆಯಲ್ಲಿ ದೋಷವಾದ ಈ ಗುಣವೇ ಆಲೂಗಡ್ಡೆಯಲ್ಲಿ ಉಪಕಾರ. ಹುಳಿಯು ಪೆಕ್ಟಿನ್ ಕರಗುವುದನ್ನು ತಡೆಯುತ್ತದೆ. ಗಡ್ಡೆಯನ್ನು ಮುಕ್ಕಾಲು ಬೇಯಿಸಿ ಆ ಬಳಿಕ ಹುಣಿಸೆಯ ರಸದಲ್ಲಿ ಬಿಟ್ಟರೆ ಅದು ಎಷ್ಟು ಹೊತ್ತು ಮರಳಿದರೂ ಆಕಾರಗೆಡುವುದಿಲ್ಲ; ಮೊದಲೇ ಹುಳಿಯಲ್ಲಿ ಹಾಕಿದರೆ ಬೇಯುವುದೇ ಇಲ್ಲ. ಅಂತೆಯೇ ಕೆಲವು ಬಾವಿಗಳ ನೀರಿನಲ್ಲಿ ಬೇಳೆ ಬೇಯದೆಂದು ಹೇಳಿ ಸೋಡಾ ಬೆರೆಸುವುದುಂಟು. ಸುಣ್ಣದ ಅಂಶವಿರುವ ಆ ಗಡಸು ನೀರೇ ಆಲೂಗಡ್ಡೆಗೆ ಸಹಾಯಕ; ಸೋಡಾ ಅದಕ್ಕೆ ಶತ್ರು. ಸುವರ್ಣಗಡ್ಡೆ, ಕೆಸುವಿನ ಗಡ್ಡೆಗಳನ್ನು ತುರಿಕೆ ಹೋಗಲೆಂದು ಹುಣಿಸೆಯೊಡನೆ ಬೇಯಿಸುವ ಪದ್ಧತಿಯು ನಮ್ಮಲ್ಲಿ ಆಲೂಗಡ್ಡೆಗಿಂತ ಹಳೆಯದು. ಹೊಸಬನು ಬಂದಾಗ ಹಳೆಯ ಗಡ್ಡೆಗಳ ಸಂಸ್ಕಾರವೇ ಅವನಿಗೂ ಸಲ್ಲಿತು. ಹುಣಿಸೆಯ ಅಡಿಗೆಗೆ ಕಲಾಯಿಯಿಲ್ಲದ ತಾಮ್ರ ಹಿತ್ತಾಳೆಗಳ ಪಾತ್ರೆ ಕೂಡದೆಂಬುದು ಎಲ್ಲರಿಗೂ ತಿಳಿದ ಮಾತೇ.

ಸಗರನಾಡಿನಲ್ಲಿ ಬದನೆಯ ಎಣ್ಣೆಗಾಯಿಗೆ ಹುರಿದ ಶೇಂಗಾ, ಎಳ್ಳು ಅಥವಾ ಗುರೆಳ್ಳು, ಒಣಕೊಬ್ಬರಿ, ಖಾರ, ಹುಣಿಸೆ, ಬೆಲ್ಲ ಇವುಗಳ ಮಸಾಲೆ ಕೂಡುತ್ತದೆ. ಹೈದರಾಬಾದಿನ ಮುಸಲ್ಮಾನರ ಮನೆಗಳ ‘ಬಘಾರಾ ಬೈಂಗನ್’ ಮತ್ತು ‘ಮಿರ್ಚಿ ಕಾ ಸಾಲನ್’ ಎಂಬ ಅಡಿಗೆಗಳಲ್ಲಿಯೂ ಶೇಂಗಾ, ಎಳ್ಳು, ಕೊಬ್ಬರಿ, ಹುಣಿಸೆಗಳೇ ಜೀವಾಳ. ಭಾಷೆ ಬೇರೆ, ಮತ ಬೇರೆ. ಅರೆಯುವ ಕಲ್ಲು ಒಂದೇ. ಅಡಿಕೆಗಾತ್ರದ, ನೆಲ್ಲಿಗಾತ್ರದ ಹೊಸ ಆಲೂಗಡ್ಡೆಗಳನ್ನು ಮೇಲೆ ಹೇಳಿದಂತೆ ಬೇಯಿಸಿ, ಎಣ್ಣೆಯಲ್ಲಿ ಮೆಲ್ಲನೆ ಹೊರಳಿಸಿ ಮೇಲೊಂದು ಪೊರೆ ಕಟ್ಟಿಸಿ, ಈ ಮಸಾಲೆಯಲ್ಲಿ ಬಿಟ್ಟರೆ ಗಡ್ಡೆ ಇಡಿಯಾಗಿ ಉಳಿದು ರಸವನ್ನು ಹೀರುತ್ತದೆ. ಇಲ್ಲಿ ಸೌಟಿನಿಂದ ಕಲಕದೆ ಪಾತ್ರೆಯನ್ನೇ ಎತ್ತಿ ಕುಲುಕುವುದು ಜಾಣತನ.

ಈಗ ಮೂಲ ಪ್ರಶ್ನೆಗೆ ಬರೋಣ. ಗಡ್ಡೆ ಒಡೆಯಬಾರದೆಂಬ ಅಪೇಕ್ಷೆ ಎಲ್ಲರದೂ ಅಲ್ಲ. ಐರ್ಲೆಂಡಿನ ಬಡ ರೈತನಿಗೆ ಸಿಪ್ಪೆ ಬಿರಿದು ಹಿಟ್ಟು ಹಿಟ್ಟಾಗಿ ತೋರುವ ಗಡ್ಡೆಯೇ ಪ್ರಿಯವಾಗಿತ್ತು. ನಮ್ಮಲ್ಲಿಯೇ ಮಸಾಲೆ ದೋಸೆಯೊಳಗಿನ ಪಲ್ಯಕ್ಕೆ ಗಡ್ಡೆ ಹಿಸುಕಿರಬೇಕು. ಹಾಗಾದರೆ ಒಡೆಯುವುದು ದೋಷವೋ ಗುಣವೋ ಎಂಬುದನ್ನು ನಿರ್ಣಯಿಸುವುದು ಊಟದಲ್ಲಿ ಗಡ್ಡೆಗಿರುವ ಸ್ಥಾನ. ಐರ್ಲೆಂಡಿನಲ್ಲಿ ಅದೇ ಅನ್ನ. ಹೊಟ್ಟೆ ತುಂಬಿಸುವುದೇ ಅದರ ಕೆಲಸ. ಸಗರನಾಡಿನಲ್ಲಿ ಅನ್ನದ ಸ್ಥಾನ ಜೋಳದ ರೊಟ್ಟಿಗೆ. ರೊಟ್ಟಿಯ ತುಣುಕಿನಿಂದ ಹಿಡಿದು ತಿನ್ನಬೇಕಾದ ಪದಾರ್ಥವು ತುಂಡಾಗಿ ಕೈಗೆ ಸಿಕ್ಕಬೇಕು. ರಸ ಬೇರೆ, ಹೋಳು ಬೇರೆ ಇರಬೇಕು. ಹಿಟ್ಟಿನ ರೊಟ್ಟಿಯೊಡನೆ ಹಿಟ್ಟಾದ ಗಡ್ಡೆ ಸೇರಿದರೆ ನಾಲಗೆಗೆ ಬೇಸರ. ಆದುದರಿಂದ ಇಲ್ಲಿ ಗಡ್ಡೆ ಒಡೆಯದಿರಲೆಂಬ ಜಾಗರೂಕತೆಯು ಗಡ್ಡೆಯು ಅತಿಥಿಯಾಗಿಯೇ ಉಳಿಯಿತು, ಯಜಮಾನನಾಗಲಿಲ್ಲ ಎಂಬುದರ ಗುರುತು.

ಇದರ ಮಹತ್ವವನ್ನು ಅರಿಯಲು ಎರಡು ಕ್ಷಾಮಗಳನ್ನು ಜೊತೆಯಲ್ಲಿಟ್ಟು ನೋಡಬೇಕು. ೧೮೪೫ರಲ್ಲಿ ಐರ್ಲೆಂಡಿನ ಆಲೂಗಡ್ಡೆಗೆ ಅಂಗಮಾರಿ ರೋಗ ತಗಲಿತು. ಒಂದೇ ಬೆಳೆಯನ್ನು, ಅದರಲ್ಲಿಯೂ ಬಹುಮಟ್ಟಿಗೆ ಒಂದೇ ತಳಿಯನ್ನು ನಂಬಿದ್ದ ಬಡಜನರಿಗೆ ಬೇರೆ ಗತಿಯಿರಲಿಲ್ಲ. ೧೮೪೯ರೊಳಗೆ ಸುಮಾರು ಹತ್ತು ಲಕ್ಷ ಜನ ಸತ್ತರು. ಹೆಚ್ಚುಕಡಮೆ ಅಷ್ಟೇ ಜನ ದೇಶ ಬಿಟ್ಟರು. ಅದೇ ಕಾಲದಲ್ಲಿ ಆ ದೇಶದಿಂದ ಧಾನ್ಯವು ಹೊರಕ್ಕೆ ಹೋಗುತ್ತಿತ್ತು. ನಮ್ಮಲ್ಲಿ ೧೮೭೬-೭೮ರ ಧಾತು ಈಶ್ವರ ಸಂವತ್ಸರಗಳ ಕ್ಷಾಮದಲ್ಲಿ ಮಳೆ ಹೋಗಿ ಜೋಳ ಒಣಗಿತು. ಮೈಸೂರು, ಮುಂಬಯಿ ಕರ್ನಾಟಕ, ಹೈದರಾಬಾದು ಸೀಮೆಗಳೆಲ್ಲವೂ ತತ್ತರಿಸಿದವು. ಮೈಸೂರು ಸಂಸ್ಥಾನವೊಂದರಲ್ಲಿಯೇ ಸುಮಾರು ಹತ್ತು ಲಕ್ಷ ಜನ ನಾಶವಾದರೆಂದು ಲೆಕ್ಕ. ಆಗ ರೈಲು ಇತ್ತು. ಆದರೂ ಧಾನ್ಯವಿದ್ದಲ್ಲಿಂದ ಅದು ಹಣವಿದ್ದ ಕಡೆಗೆ ಹರಿಯಿತೇ ಹೊರತು ಹಸಿವಿದ್ದ ಕಡೆಗೆಲ್ಲ ಹರಿಯಲಿಲ್ಲ. ಆಲೂಗಡ್ಡೆಯನ್ನು ಹೆಚ್ಚು ಬೆಳೆದಿದ್ದರೆ ಡೆಕ್ಕನ್ ಉಳಿಯುತ್ತಿತ್ತೆನ್ನಲು ಆಗದು. ಮಳೆಯಿಲ್ಲದೆ ಜೋಳವೇ ನಿಲ್ಲದಲ್ಲಿ ತಂಪನ್ನೂ ನೀರನ್ನೂ ಬೇಡುವ ಗಡ್ಡೆ ನಿಂತೀತೇ? ಜೋಳವನ್ನು ಬಿಟ್ಟು ಗಡ್ಡೆಯನ್ನೇ ನಂಬಿದ್ದರೆ ಗತಿ ಇನ್ನೂ ಕೆಟ್ಟಿರುತ್ತಿತ್ತು. ಒಂದೇ ಬೆಳೆಗೆ ಪ್ರಾಣವನ್ನು ಒಪ್ಪಿಸುವುದರಲ್ಲಿ ಅಪಾಯವಿದೆಯೆಂದು ಐರ್ಲೆಂಡ್ ಕಲಿಸಿತು; ಧಾನ್ಯವಿದ್ದ ಮಾತ್ರಕ್ಕೆ ಹಸಿದವನಿಗೆ ಅದು ದೊರೆಯುವುದಿಲ್ಲವೆಂದು ಎರಡು ಕ್ಷಾಮಗಳೂ ಕಲಿಸಿದವು.

ಈ ಪಾಠವು ಹಳೆಯದಾಗಿಲ್ಲ. ೧೯೮೨ರಲ್ಲಿ ನಾರಾಯಣಪುರದ ಬಸವಸಾಗರ ಅಣೆಕಟ್ಟು ಮುಗಿದು ಕೃಷ್ಣೆಯ ನೀರು ಎಡದಂಡೆಯ ಕಾಲುವೆಯಲ್ಲಿ ಹರಿದ ಮೇಲೆ ಸುರಪುರ ಶಹಾಪುರಗಳ ಎಷ್ಟೋ ಎರೆಹೊಲಗಳು ಭತ್ತದ ಗದ್ದೆಗಳಾದವು. ನೀರು ಬಂದುದು ಭಾಗ್ಯವೇ ಸರಿ. ಆದರೆ ಜೋಳ, ತೊಗರಿ, ಗುರೆಳ್ಳು, ಪುಂಡಿ ಇವೆಲ್ಲ ಕೂಡಿದ್ದ ಹೊಲದಲ್ಲಿ ಒಂದೇ ಹಸುರು ನಿಂತಾಗ ನಮ್ಮ ತಟ್ಟೆಯಿಂದ ಏನೇನು ಜಾರಿತೆಂಬುದನ್ನು ವಿದ್ಯಾವಂತರು ಎಣಿಸಿ ನೋಡಬೇಕು. ಆಲೂಗಡ್ಡೆಯ ವಿಷಯದಲ್ಲಿಯೂ ಹಾಗೆಯೇ. ೧೯೪೯ರಲ್ಲಿ ಪಾಟ್ನಾದಲ್ಲಿ ಸ್ಥಾಪಿತವಾಗಿ ೧೯೫೬ರಲ್ಲಿ ಸಿಮ್ಲಾಕ್ಕೆ ಹೋದ ಕೇಂದ್ರ ಆಲೂಗಡ್ಡೆ ಸಂಶೋಧನಾ ಸಂಸ್ಥೆಯು ೧೯೬೮ರಲ್ಲಿ ಬಿಡುಗಡೆ ಮಾಡಿದ ಕುಫ್ರಿ ಜ್ಯೋತಿ ತಳಿಯು ಹಾಸನದ ಹೊಲಗಳನ್ನು ಬಹುಕಾಲ ಆಳಿತು. ಬಿತ್ತನೆಯ ಗಡ್ಡೆ ಪಂಜಾಬಿನಿಂದ ಬರಬೇಕು. ಮುಂಗಾರಿನ ತೇವದಲ್ಲಿ ಅದೇ ಅಂಗಮಾರಿ ಬಂದರೆ ಹಾಸನದ ರೈತನ ವರ್ಷವೇ ಹಾಳು. ರೋಗವು ಒಂದೂಮುಕ್ಕಾಲು ಶತಮಾನಕ್ಕಿಂತ ಹಳೆಯದಾದರೂ ಅದರ ಹಲ್ಲು ಮೊಂಡಾಗಿಲ್ಲ.

ಹಿತ್ತಲಿನ ಒಂದು ಮಡಿಯ ಗಡ್ಡೆಯಿಂದ ದೇಶದ ಹಸಿವು ನೀಗದೆಂಬುದು ನಿಜ. ಆದರೆ ತನ್ನ ಕೈಯಿಂದ ನೆಟ್ಟು, ಅಗೆದು, ಅದರ ಸ್ವಭಾವವನ್ನರಿತು ಬೇಯಿಸಿದವನಿಗೆ ಅಥವಾ ಬೇಯಿಸಿದವಳಿಗೆ ಒಂದು ತಿಳಿವಳಿಕೆ ಬರುತ್ತದೆ: ಪ್ರತಿಯೊಂದು ಪದಾರ್ಥಕ್ಕೂ ಅದರದೇ ಆದ ಕಾಲ, ನೆಲ, ಉರಿಯ ಮಟ್ಟ ಇವೆ, ಬಲವಂತ ಮಾಡಿದರೆ ಅದು ಒಡೆಯುತ್ತದೆ. ಈ ತಿಳಿವಳಿಕೆಯನ್ನು ತಲೆಮಾರುಗಳಿಂದ ಕಾಪಾಡಿಕೊಂಡು ಬಂದವರು ಹೆಸರಿಲ್ಲದ ಹೆಂಗಸರು. 

ಸುರಪುರದ ಅರಸರ ಚರಿತ್ರೆಯನ್ನು ಬರೆದವರಿದ್ದಾರೆ, ಇನ್ನೂ ಬರೆಯುವರು. ಅವರ ಪ್ರಜೆಗಳು ಏನನ್ನು ಉಂಡರು, ಹೊಸದನ್ನು ಹೇಗೆ ತಮ್ಮದಾಗಿಸಿಕೊಂಡರು, ಯಾವುದನ್ನು ಎಷ್ಟರಮಟ್ಟಿಗೆ ನಂಬಿದರು ಎಂಬುದನ್ನು ಬರೆಯುವ ಕೆಲಸ ಬಹುಪಾಲು ಉಳಿದಿದೆ. ಶ್ರೋತೃಗಳು ತಮ್ಮ ತಮ್ಮ ಮನೆಯ ಹಿರಿಯ ಹೆಂಗಸರನ್ನು ಕೇಳಿ ಒಂದೊಂದು ಪಾಕವನ್ನಾದರೂ, ಅದಕ್ಕೆ ಸೇರುವ ಊರು, ಕಾಲ, ಕಾರಣಗಳ ಸಮೇತ ಬರೆದಿಟ್ಟುಕೊಂಡರೆ, ಮುಂದಿನ ಚರಿತ್ರಕಾರನಿಗೆ ಅದಕ್ಕಿಂತ ದೊಡ್ಡ ಉಪಕಾರ ಬೇರೊಂದಿಲ್ಲ.